ಮಾಳಿಗೆಯ ಹಳೇ ಮರದ ನೆಲ ಉಜ್ಜಬೇಕು, ಯಾವ ಸ್ಯಾಂಡರ್ ತಗೊಳ್ಳಲಿ?

ಮಾಳಿಗೆಮನೆ_ಸುಂಟಿಕೊಪ್ಪ

ಎಲ್ಲರಿಗೂ ನಮಸ್ಕಾರ. ಸುಂಟಿಕೊಪ್ಪ ಹತ್ತಿರ ನಮ್ಮದು ಹಳೇ ತೋಟದ ಮನೆ. ಕೆಳಗೆ ರೆಡ್ ಆಕ್ಸೈಡ್ ನೆಲ, ಮೇಲೆ ಮಾಳಿಗೆ ಪೂರ್ತಿ ಮರದ ಹಲಗೆ. ಒಂದು ಹಾಲ್, ಎರಡು ರೂಮು, ಎಲ್ಲಾ ಸೇರಿ ಸುಮಾರು 600 ಚದರ ಅಡಿ. ಹೆಚ್ಚಿನದು ತೇಗ. ಒಂದು ರೂಮಿನಲ್ಲಿ ಮಾತ್ರ ಕಪ್ಪು ಗೆರೆಯ ಕಡುಕಂದು ಹಲಗೆ, ಬೀಟೆ ಅಂತಾರೆ ಮನೆಯ ಹಿರಿಯರು. ಅಜ್ಜಿ ಕಾಲದಿಂದ ಮೇಣದ ಪಾಲಿಶ್ ತಿಕ್ಕಿಕೊಂಡು ಬಂದಿದ್ದಾರೆ. ನಡುವೆ ಯಾವಾಗಲೋ ವಾರ್ನಿಶ್ ಕೂಡ ಹೊಡೆಸಿದ್ದಾರೆ. ಈಗ ಓಡಾಡುವ ಜಾಗದಲ್ಲಿ ಎಲ್ಲಾ ಸವೆದು ಬರೀ ಮರ ಕಾಣುತ್ತಿದೆ, ಗೋಡೆ ಪಕ್ಕದಲ್ಲಿ ಮಾತ್ರ ದಪ್ಪ ಕಂದು ಪದರ ಹಾಗೇ ಕೂತಿದೆ. 2018ರ ಆಗಸ್ಟ್ ಮಳೆಯಲ್ಲಿ ಹೆಂಚು ಜಾರಿ ನೀರು ಇಳಿದ ಕಡೆ ಕಪ್ಪು ಕಲೆ ಇದೆ, ಹಲಗೆಯ ಅಂಚೂ ಎದ್ದಿದೆ.

ನಾನೇ ಉಜ್ಜಿ ಫಿನಿಶ್ ಮಾಡಬೇಕು ಅಂತಿದ್ದೇನೆ. ಹುಡುಕಿದರೆ ಡ್ರಮ್ ಅಂತಾರೆ, ಬೆಲ್ಟ್ ಅಂತಾರೆ, ಆರ್ಬಿಟಲ್ ಅಂತಾರೆ, ಎಡ್ಜರ್ ಅಂತಾರೆ. ವಿಡಿಯೋ ಎಲ್ಲಾ ಅಮೆರಿಕದ್ದು, ಅಲ್ಲಿ ಅಂಗಡಿಗೆ ಹೋಗಿ ಬಾಡಿಗೆಗೆ ತಂದುಬಿಡುತ್ತಾರೆ. ನಮ್ಮ ಹತ್ತಿರ ಇರುವುದು 4 ಇಂಚಿನ ಗ್ರೈಂಡರ್ ಒಂದೇ. ಅದಕ್ಕೇ ಪೇಪರ್ ಡಿಸ್ಕ್ ಹಾಕಿದರೆ ಆಗಲ್ವಾ?

ಕುಶಾಲನಗರ_ಬಡಗಿ

ಮೊದಲು ಆ ಗ್ರೈಂಡರ್ ಪೆಟ್ಟಿಗೆಯೊಳಗೆ ಇಟ್ಟು ಬೀಗ ಹಾಕಿ. ತಮಾಷೆ ಅಲ್ಲ. ಅದು ನಿಮಿಷಕ್ಕೆ ಹನ್ನೊಂದು ಸಾವಿರ ಸುತ್ತು ತಿರುಗುತ್ತೆ. ಡಿಸ್ಕಿನ ಒಂದು ಅಂಚು ಮಾತ್ರ ಮರಕ್ಕೆ ತಾಗುತ್ತೆ. ಹಾಗಾಗಿ ಪ್ರತಿ ಸಲವೂ ಒಂದು ಅರ್ಧಚಂದ್ರ ಕೊರೆದು ಹೋಗುತ್ತೆ. ಉಜ್ಜುವಾಗ ಚೆನ್ನಾಗೇ ಕಾಣುತ್ತೆ. ಮೊದಲನೇ ಕೋಟ್ ಬಿದ್ದು, ಸಂಜೆ ಕಿಟಕಿಯಿಂದ ಓರೆ ಬೆಳಕು ಬಂದಾಗ ನೆಲ ಪೂರ್ತಿ ಚಂದ್ರಗಳೇ.

ಮೆಷಿನ್ ಆಮೇಲೆ. ಮೊದಲು ಇಷ್ಟು ನೋಡಿ ಹೇಳಿ: ಹಲಗೆ ಎಷ್ಟು ದಪ್ಪ? ಮೊಳೆ ಮೇಲಿಂದ ಹೊಡೆದಿದ್ದಾರಾ, ಅದರ ತಲೆ ಕಾಣುತ್ತಾ? ಹಲಗೆಗಳ ನಡುವೆ ಸಂದು ಎಷ್ಟಿದೆ? ಮಾಳಿಗೆ ಅಂದರೆ ಅನುಕೂಲ, ಕೆಳಗಿನ ರೂಮಿನಿಂದ ತಲೆ ಎತ್ತಿದರೆ ಜಂತೆ, ಹಲಗೆ ಎಲ್ಲಾ ಕಾಣುತ್ತೆ. ಮೆಟ್ಟಿಲು ಮೇಲೆ ಬರುವ ಬಾಯಿಯ ಹತ್ತಿರ ಹಲಗೆಯ ತುದಿ ಬಿಚ್ಚಿಕೊಂಡಿರುತ್ತೆ. ಅಲ್ಲಿ ಸ್ಕೇಲ್ ಇಟ್ಟು ಅಳೆಯಿರಿ.

ಹೂಮಳೆ

600 ಚದರ ಅಡಿ ಕೈ ಮೆಷಿನ್‌ನಲ್ಲಿ ಉಜ್ಜುವುದಾ? ಸೊಂಟ ಹೋಗುತ್ತೆ ಮಾರಾಯ್ರೇ. ಬೆಂಗಳೂರಿನಿಂದ ಡ್ರಮ್ ಸ್ಯಾಂಡರ್ ಬಾಡಿಗೆಗೆ ತರಿಸಿ. ನಿಂತುಕೊಂಡೇ ಕೆಲಸ, ದಪ್ಪ ವಾರ್ನಿಶ್ ಒಂದೇ ಪಾಸ್‌ನಲ್ಲಿ ಹೋಗುತ್ತೆ. ಬಾಡಿಗೆ, ಗಾಡಿ ಖರ್ಚು ಸೇರಿದರೂ ನಿಮ್ಮ ಸಮಯ ಉಳಿಯುತ್ತೆ.

ಕುಶಾಲನಗರ_ಬಡಗಿ

ಡ್ರಮ್ ಕೆಟ್ಟ ಮೆಷಿನ್ ಅಂತ ನಾನು ಹೇಳಲ್ಲ. ಹೊಸ ಕಟ್ಟಡ, ಸಪಾಟು ನೆಲ, ದಿನಾ ಅದನ್ನೇ ಹಿಡಿಯುವವನು ಇದ್ದರೆ ಅದೇ ಸರಿ. ಇನ್ನೂ ಒಳ್ಳೆಯದು ಬೇಕಾದರೆ ಬೆಲ್ಟ್ ಇರುವ ದೊಡ್ಡ ಮೆಷಿನ್, ಜರ್ಮನಿಯ ಲೇಗ್ಲರ್ ಕಂಪನಿಯ ಹಮ್ಮೆಲ್ ಥರದ್ದು. ಡ್ರಮ್ಮಿಗೆ ಪೇಪರ್ ಸುತ್ತಿ ಸಿಕ್ಕಿಸಿರುತ್ತಾರೆ. ಆ ಜೋಡಣೆಯ ಜಾಗ ಪ್ರತಿ ಸುತ್ತಿಗೂ ನೆಲಕ್ಕೆ ಹೊಡೆದು ಸಣ್ಣ ಸಣ್ಣ ಅಲೆ ಬರುತ್ತೆ. ಬೆಲ್ಟಿನಲ್ಲಿ ಅದು ಕಮ್ಮಿ.

ಆದರೆ ಇವರದ್ದು ಮಾಳಿಗೆ. ಅಂಥ ಮೆಷಿನ್ 60, 80 ಕಿಲೋ ತೂಗುತ್ತೆ. ಕಡಿದಾದ ಮರದ ಮೆಟ್ಟಿಲಲ್ಲಿ ಹತ್ತಿಸೋದು ಯಾರು? ಹತ್ತಿಸಿದರೂ, ಡ್ರಮ್ ತಿರುಗುತ್ತಿರುವಾಗ ಕೈ ಒಂದು ಕ್ಷಣ ನಿಂತರೆ ಅಲ್ಲೇ ತಟ್ಟೆಯಂಥ ಗುಂಡಿ. ಶುರು ಮಾಡುವಾಗ ನಡೆಯುತ್ತಾ ನಡೆಯುತ್ತಾ ಇಳಿಸಬೇಕು, ನಿಲ್ಲಿಸುವ ಮೊದಲೇ ಎತ್ತಬೇಕು. ಹಳೇ ಹಲಗೆ ಜಂತೆಗಳ ನಡುವೆ ಸ್ವಲ್ಪ ಬಾಗುತ್ತೆ. ಮೆಷಿನ್ ಜಂತೆಯ ಮೇಲೆ ಬಂದಾಗ ಜಾಸ್ತಿ ಕಡಿಯುತ್ತೆ, ನಡುವೆ ಕಮ್ಮಿ. ಕೊನೆಗೆ ಗೋಡೆ ಪಕ್ಕದ ಒಂದು ಗೇಣು ಅದಕ್ಕೆ ಸಿಗೋದೇ ಇಲ್ಲ, ಅದಕ್ಕೆ ಬೇರೆ ಎಡ್ಜರ್. ಎಡ್ಜರ್ ಹಿಡಿಯೋದು ಡ್ರಮ್ಮಿಗಿಂತ ಕಷ್ಟ.

ಹೂಮಳೆ

ಮೆಟ್ಟಿಲಿನ ವಿಷಯ ಒಪ್ಪಿದೆ 😄 ನಮ್ಮ ಮಾಳಿಗೆಗೆ ಗೋದ್ರೇಜ್ ಬೀರು ಹತ್ತಿಸಲು ಕಿಟಕಿ ಬಿಚ್ಚಬೇಕಾಯ್ತು.

ವೋಲ್ಟೇಜ್_ಮೈಸೂರು

ಬಡಗಿಯವರು ಹೇಳಿದ್ದಕ್ಕೆ ಒಂದಷ್ಟು ಸೇರಿಸುತ್ತೇನೆ. ನಾನು ಮನೆ ಕೆಲಸಕ್ಕೆ ಮೆಷಿನ್ ಇಟ್ಟುಕೊಂಡವನು, ವೃತ್ತಿಯವನಲ್ಲ.

ನಿಮಗೆ ಬೇಕಿರುವುದು ರ‍್ಯಾಂಡಮ್ ಆರ್ಬಿಟಲ್. ಡಿಸ್ಕ್ ತಿರುಗುತ್ತೆ, ಜೊತೆಗೆ ಪಕ್ಕಕ್ಕೂ ಒಂದೆರಡು ಮಿಲಿಮೀಟರ್ ಅಲುಗುತ್ತೆ. ಎರಡೂ ಸೇರುವುದರಿಂದ ಒಂದು ಗೀರಿನ ಮೇಲೆ ಅದೇ ಗೀರು ಮತ್ತೆ ಬೀಳಲ್ಲ. ಮರದ ಎಳೆಗೆ ಅಡ್ಡ ಹೋದರೂ ಎದ್ದು ಕಾಣಲ್ಲ. ಅಂಗಡಿಯಲ್ಲಿ 'ಸ್ಯಾಂಡರ್' ಅಂತ ಕೇಳಿದರೆ ಚೌಕದ ಸಣ್ಣದೊಂದು ಕೊಡುತ್ತಾರೆ, ಅದು ಬರೀ ನಡುಗುತ್ತೆ. ಬಾಗಿಲು, ಕಿಟಕಿಗೆ ಸರಿ, ನೆಲಕ್ಕೆ ಅಲ್ಲ.

ಸಾಮಾನ್ಯವಾಗಿ ಸಿಗುವುದು 125 ಮಿಲಿಮೀಟರ್ ಡಿಸ್ಕಿನದು. ಬಾಷ್, ಮಕಿಟಾ, ಡಿವಾಲ್ಟ್ ಎಲ್ಲರದ್ದೂ ಇದೆ, 250ರಿಂದ 300 ವ್ಯಾಟ್. ಒಂದು ರೂಮಿಗೆ ಸಾಕು. 600 ಚದರ ಅಡಿಗೆ 150 ಮಿಲಿಮೀಟರ್ ತಗೊಳ್ಳಿ. 25 ಮಿಲಿಮೀಟರ್ ಏನು ಮಹಾ ಅನ್ನಬೇಡಿ, ಲೆಕ್ಕ ಹಾಕಿದರೆ ಡಿಸ್ಕಿನ ಜಾಗ 44 ಪರ್ಸೆಂಟ್ ಜಾಸ್ತಿ. ಅದರಲ್ಲೂ ಗೇರ್ ಇರುವ ಎರಡು ಮೋಡಿನದು ಸಿಕ್ಕರೆ ಬಿಡಬೇಡಿ. ಒಂದು ಮೋಡಿನಲ್ಲಿ ಡಿಸ್ಕ್ ಬಲವಂತವಾಗಿ ತಿರುಗಿ ದಪ್ಪ ಪದರ ಕೀಳುತ್ತೆ, ಸ್ವಿಚ್ ಬದಲಿಸಿದರೆ ಮಾಮೂಲಿ ಆರ್ಬಿಟಲ್ ಥರ ನಯ ಮಾಡುತ್ತೆ. ಮಕಿಟಾ ಬಿಒ 6050, ಬಾಷ್ ಜಿಇಟಿ 75-150, ಎರಡೂ 750 ವ್ಯಾಟ್. ಫೆಸ್ಟೂಲ್ ರೋಟೆಕ್ಸ್ ಕೂಡ ಅದೇ ಜಾತಿ, ಆದರೆ ಅದರ ಬೆಲೆ ನೋಡಿದರೆ ಕಾಫಿ ರೇಟು ಇನ್ನೂ ಏರಲಿ ಅನ್ನಿಸುತ್ತೆ.

ಕರೆಂಟ್ ವಿಷಯ. 750 ವ್ಯಾಟ್ ಅಂದರೆ 230 ವೋಲ್ಟಿಗೆ ಮೂರೂಕಾಲು ಆಂಪ್ಸ್, ಮಾಮೂಲಿ ಪ್ಲಗ್ಗಿಗೂ ತೊಂದರೆ ಇಲ್ಲ. ಡ್ರಮ್ ಆದರೆ 15 ಆಂಪ್ಸ್ ಪ್ಲಗ್ ಬೇಕು, ಸ್ಟಾರ್ಟ್ ಆಗುವಾಗ ಇನ್ನೂ ಎಳೆಯುತ್ತೆ. ತೋಟದ ಮನೆಗಳಲ್ಲಿ ಲೈನ್ ಉದ್ದ, ವೋಲ್ಟೇಜ್ ಕಮ್ಮಿ, ಮಾಳಿಗೆಯ ವೈರಿಂಗ್ ಹಳೇದು. ಯಾವುದೇ ಮೆಷಿನ್ ಇರಲಿ, ದಾರದಂಥ ಎಕ್ಸ್‌ಟೆನ್ಶನ್ ಬೇಡ. 2.5 ಸ್ಕ್ವೇರ್ ಎಂಎಂ ವೈರಿನದು ಮಾಡಿಸಿಕೊಳ್ಳಿ, ಸುರುಳಿ ಪೂರ್ತಿ ಬಿಚ್ಚಿ ಹಾಕಿ.

ಪೊನ್ನಂಪೇಟೆ_ಅಟ್ಟ

ಎಲ್ಲರೂ ಉಜ್ಜುವುದಕ್ಕೇ ನಿಂತುಬಿಟ್ಟಿರಲ್ಲ! ಉಜ್ಜಲೇಬೇಕಾ ಅಂತ ಮೊದಲು ಕೇಳಿ. ನಮ್ಮ ಐನ್‌ಮನೆಯ (ಕುಟುಂಬದ ಮೂಲ ಮನೆ) ಅಟ್ಟದ ಹಲಗೆಯಲ್ಲಿ ಕೀಸುಳಿಯ ಗುರುತು ಇನ್ನೂ ಇದೆ. ಬರಿಗಾಲಲ್ಲಿ ನಡೆದರೆ ಗೊತ್ತಾಗುತ್ತೆ. ಮೆಷಿನ್ ಒಂದು ಸಲ ಹೋದರೆ ಅದು ಹೋಯ್ತು, ಮತ್ತೆ ತರೋಕೆ ಆಗಲ್ಲ.

ಮೂಲೆಯಲ್ಲಿ ಎರಡು ಹನಿ ನೀರು ಹಾಕಿ ಹತ್ತು ನಿಮಿಷ ಬಿಡಿ. ಅಡಿಯಲ್ಲಿ ಬಿಳಿ ಮಚ್ಚೆ ಬಂದರೆ ಅದು ಮೇಣ. ಮಿನರಲ್ ಟರ್ಪೆಂಟೈನ್ ಮತ್ತು ಹಳೇ ಬಟ್ಟೆ ಸಾಕು, ಕಿಟಕಿ ತೆಗೆದು ಒರೆಸಿ. ಮೇಣ ಹೋದ ಮೇಲೆ ನೆಲ ನೋಡಿ, ನಿಮ್ಮ ಮನಸ್ಸೇ ಬದಲಾಗಬಹುದು.

ಕುಶಾಲನಗರ_ಬಡಗಿ

ಇದು ಸರಿಯಾದ ಮಾತು. ಉಜ್ಜುವುದಾದರೂ ಮೇಣ ಮೊದಲು ತೆಗೆಯಲೇಬೇಕು. ಇಲ್ಲದಿದ್ದರೆ ಮೇಣ ಬಿಸಿಗೆ ಕರಗಿ ಪೇಪರಿಗೆ ಮೆತ್ತಿಕೊಳ್ಳುತ್ತೆ, ಒಂದೊಂದು ಹಲಗೆಗೂ ಒಂದೊಂದು ಡಿಸ್ಕ್ ಹಾಳು. ಸ್ವಲ್ಪ ಉಳಿದರೂ ಮೇಲಿನ ಪಿಯು (ಪಾಲಿಯುರೆಥೇನ್) ಕೋಟ್ ಹಿಡಿಯಲ್ಲ, ತೂತು ತೂತಾಗಿ ಬಿಟ್ಟುಕೊಳ್ಳುತ್ತೆ.

ಮಾಳಿಗೆಮನೆ_ಸುಂಟಿಕೊಪ್ಪ

ಎಲ್ಲಾ ನೋಡಿ ಬಂದೆ. ಹಲಗೆ ಮೆಟ್ಟಿಲ ಬಾಯಿಯ ಹತ್ತಿರ 22 ಮಿಲಿಮೀಟರ್ ಇದೆ. ಮೊಳೆ ಮೇಲಿಂದಲೇ ಹೊಡೆದಿದ್ದಾರೆ. ತಲೆ ಕೆಲವು ಕಡೆ ಮಟ್ಟಕ್ಕಿದೆ, ಕೆಲವು ಕಡೆ ಸವೆದ ಹಲಗೆಯಿಂದ ಮೇಲೆ ಬಂದು ಮಿನುಗುತ್ತಿದೆ. ಸುತ್ತ ಕಪ್ಪು ಉಂಗುರ. ನೀರಿನ ಹನಿಗೆ ಬಿಳಿ ಮಚ್ಚೆ ಬಂತು. ಒಂದು ಮೂಲೆ ಟರ್ಪೆಂಟೈನಿನಲ್ಲಿ ಒರೆಸಿದೆ, ಬಟ್ಟೆ ಬೆಲ್ಲದ ಬಣ್ಣಕ್ಕೆ ತಿರುಗಿತು. ಬೀಟೆ ರೂಮಿನಲ್ಲಿ ಅಷ್ಟೇ ಸಾಕು ಅನ್ನಿಸುತ್ತಿದೆ, ಪೊನ್ನಂಪೇಟೆಯವರು ಹೇಳಿದ್ದು ನಿಜ. ಹಾಲ್ ಮಾತ್ರ ಉಜ್ಜದೆ ಆಗಲ್ಲ.

ಮಳೆ ನೀರು ಬಿದ್ದ ಕಡೆ ಹಲಗೆ ಅಡ್ಡಕ್ಕೆ ಸ್ಕೇಲ್ ಇಟ್ಟರೆ ನಡುವೆ ಬೆಳಕು ಕಾಣುತ್ತೆ. ಅಂಚು ಮೇಲೆ, ನಡು ಕೆಳಗೆ. ಕೆಳಗಡೆ ಹಳೇ ಅಡುಗೆಮನೆ, ಈಗಲೂ ಅಲ್ಲೇ ನೀರು ಕಾಯಿಸುತ್ತೇವೆ. ಈಗ ಮಳೆ ಬಿಟ್ಟಿದೆ, ಮುಂದಿನ ವಾರವೇ ಶುರು ಮಾಡೋಣ ಅಂತಿದ್ದೆ.

ಕುಶಾಲನಗರ_ಬಡಗಿ

ಬೇಡ. ತಡೀರಿ. ಈ ಒಂದು ವಿಷಯಕ್ಕೆ ಉದ್ದ ಬರೆಯುತ್ತೇನೆ, ಯಾವ ಮೆಷಿನ್ ಅನ್ನೋದಕ್ಕಿಂತ ಇದು ಮುಖ್ಯ.

ಹಲಗೆ ಯಾಕೆ ಹಾಗೆ ಆಗುತ್ತೆ? ಅಡಿಭಾಗ ತೇವ ಕುಡಿದು ಅಗಲ ಆಗುತ್ತೆ, ಮೇಲ್ಭಾಗ ಅಷ್ಟು ಆಗಲ್ಲ. ಹಾಗಾಗಿ ಅಂಚು ಮೇಲೆದ್ದು ದೋಣಿ ಥರ ಆಗುತ್ತೆ. ನಿಮ್ಮಲ್ಲಿ ಮೊದಲು ಮಳೆ ನೀರು ಸಂದಿನಿಂದ ಇಳಿದು ಅಡಿಗೆ ಸೇರಿದೆ, ಆಮೇಲಿಂದ ಕೆಳಗಿನ ಒಲೆಯ ಹಬೆ ದಿನಾ ತಾಗುತ್ತಿದೆ. ಅದರ ಮೇಲೆ ನಾಲ್ಕು ತಿಂಗಳ ಮಳೆಗಾಲ. ಗಾಳಿಯಲ್ಲಿ ತೇವ 90 ಪರ್ಸೆಂಟ್ ಇದ್ದರೆ ಮರದೊಳಗಿನ ತೇವ ನಿಧಾನಕ್ಕೆ 20ರ ಹತ್ತಿರ ಹೋಗುತ್ತೆ. ಗಾಳಿ 60ಕ್ಕೆ ಇಳಿದರೆ ಮರ 11ರ ಆಸುಪಾಸಿಗೆ ಬರುತ್ತೆ. ಆದರೆ ಮಳೆ ನಿಂತ ಮಾರನೇ ದಿನ ಅಲ್ಲ, ವಾರಗಟ್ಟಲೆ ಬೇಕು.

ಈಗ ನೀವು ಎದ್ದ ಅಂಚನ್ನು ಉಜ್ಜಿ ಸಪಾಟು ಮಾಡಿದಿರಿ ಅಂತಿಟ್ಟುಕೊಳ್ಳಿ. ಫೋಟೋದಲ್ಲಿ ಚೆಂದ ಕಾಣುತ್ತೆ. ಫೆಬ್ರವರಿಯಲ್ಲಿ ಅಡಿಭಾಗ ಒಣಗುತ್ತೆ, ಹಲಗೆ ತನ್ನ ಮೊದಲಿನ ಆಕಾರಕ್ಕೆ ಬರುತ್ತೆ. ಆದರೆ ಅಂಚಿನ ಮರ ಆಗಲೇ ಧೂಳಾಗಿ ಹೋಗಿದೆ. ಅಂಚು ಕೆಳಗೆ ಹೋಗಿ ನಡು ಉಬ್ಬಿ ನಿಲ್ಲುತ್ತೆ. ಅದನ್ನು ಸರಿ ಮಾಡೋಕೆ ಮತ್ತೆ ಉಜ್ಜಬೇಕು, ಈ ಸಲ ನಡುವಿನಿಂದ. 22 ಮಿಲಿಮೀಟರ್ ಇದೆಯಲ್ಲ ಅಂತ ಧೈರ್ಯ ಬೇಡ. ಜಂತೆಯಿಂದ ಜಂತೆಗೆ ಮನುಷ್ಯರ ಭಾರ ಹೊರುವ ಹಲಗೆ ಅದು.

ಒಲೆ ಬೇರೆ ಕಡೆಗೆ ಹಾಕಿ, ಇಲ್ಲ ಹಬೆ ಹೊರಗೆ ಹೋಗೋಕೆ ದಾರಿ ಮಾಡಿ. ಮಾಳಿಗೆಯ ಕಿಟಕಿ ಹಗಲು ತೆಗೆದಿಡಿ. ಮರದ ತೇವ ಅಳೆಯುವ ಒಂದು ಮಾಯಿಶ್ಚರ್ ಮೀಟರ್ ತಗೊಳ್ಳಿ, ಎರಡು ಸೂಜಿ ಇರುವ ಸಾದಾ ಮೀಟರ್ ಸಾಕು. ಒಳ್ಳೆ ಜಾಗದ ಹಲಗೆಗೂ ನೀರು ಬಿದ್ದ ಹಲಗೆಗೂ ಅಳೆದು ನೋಡಿ. ಎರಡೂ 12ರ ಹತ್ತಿರ ಬಂದು, ಕೆಲವು ವಾರ ಅಲ್ಲೇ ನಿಂತ ಮೇಲೆ ಸ್ಕೇಲ್ ಇಡಿ. ಅರ್ಧ ಬಾಗು ತಾನಾಗೇ ಹೋಗಿರುತ್ತೆ. ಉಳಿದಿದ್ದಕ್ಕೆ ಮಾತ್ರ ಮೆಷಿನ್.

ನಮ್ಮ ಕುಶಾಲನಗರ ಕಡೆ ಇದು ಇಷ್ಟು ಕಾಡಲ್ಲ. ಮಡಿಕೇರಿಯಲ್ಲಿ ಮಳೆ ವರ್ಷಕ್ಕೆ 3000 ಮಿಲಿಮೀಟರ್ ದಾಟುತ್ತೆ, ಇಲ್ಲಿ ಅದರ ಅರ್ಧವೂ ಇಲ್ಲ. ನೀವು ಎರಡರ ನಡುವೆ ಇದ್ದೀರಿ.

ಹೂಮಳೆ

ಅಂದರೆ ಫೆಬ್ರವರಿ, ಮಾರ್ಚ್. ಆಗ ರೋಬಸ್ಟಾ ಕೊಯ್ಲು, ಅದಾದ ತಕ್ಷಣ ಸ್ಪ್ರಿಂಕ್ಲರ್. ಯಾರ ಮನೆಯಲ್ಲಿ ಆಗ ನೆಲ ಉಜ್ಜೋಕೆ ಪುರುಸೊತ್ತು ಇರುತ್ತೆ ಹೇಳಿ? ಕೊಡಗಿನಲ್ಲಿ ಮರ ಒಣಗುವ ಹೊತ್ತಿಗೇ ಎಲ್ಲಾ ಕೆಲಸವೂ ಬರುತ್ತೆ.

ಮಾಳಿಗೆಮನೆ_ಸುಂಟಿಕೊಪ್ಪ

ಅದೇ ಯೋಚನೆ ನನಗೂ. ರೂಮು ಒಂದೊಂದಾಗಿ ಮಾಡುತ್ತೇನೆ, ರಾತ್ರಿ ಹೊತ್ತು. ಮೆಷಿನ್ ಸ್ವಂತದ್ದಾದರೆ ಅದೊಂದು ಲಾಭ, ಬಾಡಿಗೆಯ ಮೀಟರ್ ಓಡಲ್ಲ.

ಹೋಂಸ್ಟೇ_ಕಕ್ಕಬ್ಬೆ

ಧೂಳಿನ ಬಗ್ಗೆ ಯಾರೂ ಹೇಳಿಲ್ಲ. ನಮ್ಮಲ್ಲಿ ಒಬ್ಬ ಗುತ್ತಿಗೆದಾರ ಬಂದು ಮಾಳಿಗೆ ಉಜ್ಜಿ ಹೋದ. ಮೇಲೆ ಕೆಲಸ ಚೆನ್ನಾಗಿತ್ತು. ಆದರೆ ಧೂಳೆಲ್ಲಾ ಹಲಗೆ ಸಂದಿನಿಂದ ಕೆಳಗಿನ ರೂಮಿಗೆ ಸುರಿದಿತ್ತು. ಹಾಸಿಗೆ, ಸೊಳ್ಳೆ ಪರದೆ, ಫ್ಯಾನಿನ ರೆಕ್ಕೆ, ಎಲ್ಲದರ ಮೇಲೂ ತೇಗದ ಪುಡಿ. ತಿಂಗಳಾದ ಮೇಲೂ ಗಾಳಿಗೆ ಜಂತೆಯಿಂದ ಉದುರುತ್ತಿತ್ತು. ಕೇಳಿದರೆ 'ಕೆಳಗಿನದು ನಮ್ಮ ಕೆಲಸ ಅಲ್ಲ' ಅಂದ.

ಕಾಫಿ ಒಣಗಿಸುವ ಟಾರ್ಪಾಲ್ ಇರುತ್ತಲ್ಲ, ಅದನ್ನೇ ಕೆಳಗಿನ ರೂಮಿನಲ್ಲಿ ಜಂತೆಯ ಅಡಿಗೆ ಕಟ್ಟಿ. ಮಧ್ಯ ಸ್ವಲ್ಪ ಜೋಲು ಬಿಟ್ಟರೆ ಪುಡಿ ಎಲ್ಲಾ ಅಲ್ಲಿಗೇ ಸೇರುತ್ತೆ.

ಇನ್ನೊಂದು, ಬೀಟೆ ಧೂಳು ಕೆಲವರ ಮೈಗೆ ಆಗಲ್ಲ. ಕೈ, ಕತ್ತು ಕೆಂಪಾಗಿ ತುರಿಕೆ. ತುಂಬು ತೋಳಿನ ಅಂಗಿ ಹಾಕಿ.

ವೋಲ್ಟೇಜ್_ಮೈಸೂರು

ಬೀಟೆ ಮಾತ್ರ ಅಲ್ಲ, ಮರದ ಧೂಳು ಕ್ಯಾನ್ಸರ್ ತರುತ್ತೆ ಅಂತ ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ವಿಭಾಗ 1995ರಲ್ಲೇ ಮೊದಲನೇ ಗುಂಪಿಗೆ ಸೇರಿಸಿದೆ. ಒಂದು ಮನೆಯ ನೆಲಕ್ಕೆ ಹೆದರಬೇಕಿಲ್ಲ, ಆದರೆ ಟವೆಲ್ ಕಟ್ಟಿಕೊಂಡು ಕೂರಬೇಡಿ. ಎನ್95 ಮಾಸ್ಕ್ ಹಾಕಿ. ಮೆಷಿನ್ ಜೊತೆ ಬರುವ ಬಟ್ಟೆ ಚೀಲವನ್ನು ನಂಬಬೇಡಿ, ಪೈಪ್ ಹಾಕಿ ವ್ಯಾಕ್ಯೂಮ್ ಕ್ಲೀನರಿಗೆ ಜೋಡಿಸಿ. ಮೆಷಿನ್ ಕೊಳ್ಳುವಾಗಲೇ ಪೈಪ್ ಹೊಂದುತ್ತಾ ಅಂತ ಅಂಗಡಿಯಲ್ಲೇ ಸಿಕ್ಕಿಸಿ ನೋಡಿ. ನನ್ನ ಪ್ರಕಾರ ಇದು ವ್ಯಾಟ್‌ಗಿಂತ ಮುಖ್ಯ. ಧೂಳು ಎಳೆದರೆ ಪೇಪರ್ ಕಟ್ಟಿಕೊಳ್ಳಲ್ಲ, ಬಾಳಿಕೆ ಜಾಸ್ತಿ. ತೇಗದಲ್ಲಿ ಎಣ್ಣೆ ಇರುವುದರಿಂದ ಪೇಪರ್ ಬೇಗ ಕಟ್ಟಿಕೊಳ್ಳುತ್ತೆ ಬೇರೆ.

ಗೋಡೆ ಪಕ್ಕದ ಪಟ್ಟಿಗೆ ಹಳೇ ಪೇಂಟ್ ಇದೆಯಾ? ಇದ್ದರೆ ಅದನ್ನು ಒಣಗಿದ ಹಾಗೇ ಉಜ್ಜಬೇಡಿ. ನಮ್ಮಲ್ಲಿ ಪೇಂಟಿನ ಸೀಸಕ್ಕೆ 90 ಪಿಪಿಎಂ ಮಿತಿ ಜಾರಿಗೆ ಬಂದಿದ್ದೇ 2017ರ ನವೆಂಬರಿನಲ್ಲಿ. ಅದಕ್ಕಿಂತ ಹಿಂದಿನದರಲ್ಲಿ ಏನಿದೆಯೋ ಯಾರಿಗೆ ಗೊತ್ತು. ಮಕ್ಕಳಿರುವ ಮನೆ ಆದರೆ ಇನ್ನೂ ಹುಷಾರು.

ಮಾಳಿಗೆಮನೆ_ಸುಂಟಿಕೊಪ್ಪ

ಪಟ್ಟಿಗೆ ಹಸಿರು ಪೇಂಟ್ ಇದೆ, ಮುಟ್ಟಲ್ಲ ಬಿಡಿ. ಪೇಪರ್ ಯಾವ ನಂಬರಿನಿಂದ ಶುರು ಮಾಡಲಿ? ಆ ಕಪ್ಪು ಉಂಗುರ, ಕಪ್ಪು ಕಲೆ ಉಜ್ಜಿದರೆ ಹೋಗುತ್ತಾ?

ಕುಶಾಲನಗರ_ಬಡಗಿ

ಕಲೆಯ ಹಿಂದೆ ಬಿದ್ದು ಉಜ್ಜಬೇಡಿ. ಕಬ್ಬಿಣದ ತುಕ್ಕು ಮರದ ಒಗರಿನ ಜೊತೆ ಸೇರಿ ಆಗುವ ಕಪ್ಪು ಅದು, ಆಳಕ್ಕೆ ಇಳಿದಿರುತ್ತೆ. ಉಜ್ಜುತ್ತಾ ಹೋದರೆ ಅಲ್ಲೊಂದು ಹಳ್ಳ ಆಗುತ್ತೆ, ಕಪ್ಪು ಹಾಗೇ ಇರುತ್ತೆ. ಮೊದಲು ಮಾಮೂಲಿ ಥರ ಉಜ್ಜಿ. ಆಮೇಲೂ ಉಳಿದರೆ ಆಕ್ಸಾಲಿಕ್ ಆಸಿಡ್ ಪುಡಿಯನ್ನು ನೀರಿನಲ್ಲಿ ಕರಗಿಸಿ ಬ್ರಷ್‌ನಲ್ಲಿ ಹಚ್ಚಿ. ಕೈಗೆ ಗ್ಲೌಸ್ ಬೇಕು, ವಿಷ ಅದು. ಚೆನ್ನಾಗಿ ತೊಳೆದು, ಪೂರ್ತಿ ಒಣಗಿಸಿ. ಪುಡಿ ಉಳಿದಿರುವಾಗ ಉಜ್ಜಿದರೆ ಮೂಗಿಗೆ ಹೋಗುತ್ತೆ.

ಮೊಳೆ ಎಲ್ಲಾ ಮೊದಲು ಪಂಚ್ ಇಟ್ಟು 3 ಮಿಲಿಮೀಟರ್ ಒಳಗೆ ಕೂರಿಸಿ. ಒಂದು ಬಿಟ್ಟರೂ ಡಿಸ್ಕ್ ಹರಿಯುತ್ತೆ, ಕಿಡಿ ಹಾರುತ್ತೆ. ಪಕ್ಕದಲ್ಲಿ ಮರದ ಪುಡಿ ತುಂಬಿದ ಚೀಲ ಇರುತ್ತೆ, ನೆನಪಿರಲಿ.

ಪೇಪರ್ (ನಂಬರ್ ಕಮ್ಮಿ ಇದ್ದಷ್ಟೂ ಒರಟು): ವಾರ್ನಿಶ್ ದಪ್ಪ ಇರುವ ಕಡೆ ಮಾತ್ರ 40. ಸವೆದ ಜಾಗಕ್ಕೆ 60ರಿಂದ ಶುರು ಮಾಡಿದರೆ ಸಾಕು. ಆಮೇಲೆ 80, ಕೊನೆಗೆ 120. 40 ಹೊಡೆದು ನೇರ 120ಕ್ಕೆ ಹೋದರೆ ಬೇಗ ಮುಗಿಯುತ್ತೆ ಅಂದುಕೊಳ್ಳುತ್ತಾರೆ. 40ರ ಗೀರು ತೆಗೆಯೋ ಶಕ್ತಿ 120ಕ್ಕೆ ಇಲ್ಲ, ಮೇಲೆ ನಯ ಆಗಿ ಒಳಗೆ ಗೀರು ಕೂತಿರುತ್ತೆ. ಪ್ರತಿ ನಂಬರಿಗೂ ಮೊದಲು ಪೆನ್ಸಿಲ್‌ನಲ್ಲಿ ಅಡ್ಡಾದಿಡ್ಡಿ ಗೆರೆ ಎಳೆಯಿರಿ, ಗೆರೆ ಎಲ್ಲಾ ಕಡೆ ಹೋಗುವ ತನಕ ಉಜ್ಜಿ, ಗುಡಿಸಿ, ಮುಂದಿನ ನಂಬರ್. ಗುಡಿಸದಿದ್ದರೆ ಹಿಂದಿನ ಪೇಪರಿನ ಒಂದೇ ಒಂದು ಕಾಳು ಸಿಕ್ಕಿಕೊಂಡು ಹಂದಿ ಬಾಲದಂಥ ಸುರುಳಿ ಗೀರು ಬೀಳುತ್ತೆ.

ಒತ್ತಬೇಡಿ. ಮೆಷಿನ್ನಿನ ಭಾರ ಸಾಕು. ನಿಧಾನ, ಸೆಕೆಂಡಿಗೆ ಒಂದು ಇಂಚು.

ಮೂಲೆಗೆ ದುಂಡು ಡಿಸ್ಕ್ ಹೋಗಲ್ಲ. ಅಲ್ಲಿಗೆ ಮೆಷಿನ್ ಹುಡುಕಬೇಡಿ, ಒಂದು ಸ್ಕ್ರೇಪರ್ ಸಾಕು.

ಹೂಮಳೆ

ಹಲಗೆ ಸಂದಿಗೆ ಮರದ ಪುಡಿ ಮತ್ತು ಫೆವಿಕಾಲ್ ತುಂಬುತ್ತಾರಲ್ಲ, ಅದೂ ಆಗಲೇ ಮಾಡಬಹುದಾ?

ಕುಶಾಲನಗರ_ಬಡಗಿ

ಬೇಸಿಗೆಯಲ್ಲಿ ಸಂದು ದೊಡ್ಡದಿರುತ್ತೆ, ತುಂಬೋಕೆ ಆಸೆ ಆಗುತ್ತೆ. ಜುಲೈನಲ್ಲಿ ಹಲಗೆ ಹಿಗ್ಗಿದಾಗ ಅದು ಕಡ್ಡಿ ಕಡ್ಡಿಯಾಗಿ ಎದ್ದು ಬರುತ್ತೆ. ಮಾಳಿಗೆಗೆ ಸಂದು ಇರಲಿ ಬಿಡಿ. ಗಂಟು ಬಿದ್ದು ತೂತಾದ ಕಡೆ ಮಾತ್ರ ತುಂಬಿ.

ಪೊನ್ನಂಪೇಟೆ_ಅಟ್ಟ

ಫಿನಿಶಿಗೆ ಲಿನ್ಸೀಡ್ ಎಣ್ಣೆ ಹಚ್ಚುವುದಾದರೆ ಒರೆಸಿದ ಬಟ್ಟೆಯನ್ನು ಮುದ್ದೆ ಮಾಡಿ ಮೂಲೆಗೆ ಎಸೆಯಬೇಡಿ. ಎಣ್ಣೆ ಒಣಗುವಾಗ ಬಿಸಿ ಏರಿ ತಾನಾಗೇ ಬೆಂಕಿ ಹಿಡಿಯುತ್ತೆ. ನೀರಿನ ಬಕೆಟ್‌ನಲ್ಲಿ ಹಾಕಿ, ಇಲ್ಲ ಬಿಡಿಸಿ ಅಂಗಳದಲ್ಲಿ ಒಣಗಿಸಿ. ಉಜ್ಜಿದ ಪುಡಿಯ ಚೀಲವೂ ರಾತ್ರಿ ಮಾಳಿಗೆಯಲ್ಲಿ ಬೇಡ.

ಮಾಳಿಗೆಮನೆ_ಸುಂಟಿಕೊಪ್ಪ

ಎಲ್ಲರಿಗೂ ಥ್ಯಾಂಕ್ಸ್. ಸದ್ಯಕ್ಕೆ ತೀರ್ಮಾನ ಹೀಗೆ. ಬೀಟೆ ರೂಮಿಗೆ ಟರ್ಪೆಂಟೈನ್, ಹೊಸ ಮೇಣ, ಅಷ್ಟೇ. ಹಾಲ್ ಮತ್ತು ಇನ್ನೊಂದು ರೂಮಿಗೆ 150 ಮಿಲಿಮೀಟರಿನ ಎರಡು ಮೋಡಿನ ಮೆಷಿನ್, ವ್ಯಾಕ್ಯೂಮ್, ಒಂದು ಸ್ಕ್ರೇಪರ್. ನೀರು ಕಾಯಿಸುವ ಒಲೆ ಈ ವಾರವೇ ಹೊರಗಿನ ಶೆಡ್ಡಿಗೆ ಹೋಗುತ್ತೆ. ಮನೆಯಲ್ಲಿ ಗೊಣಗಾಟ ಶುರುವಾಗಿದೆ. ಮೀಟರ್ ಆರ್ಡರ್ ಮಾಡಿದೆ. ಉಜ್ಜುವುದು ಫೆಬ್ರವರಿ ಮೇಲೆ, ಮೀಟರ್ ಒಪ್ಪಿದರೆ.

ಒಂದು ಪ್ರಶ್ನೆ ಉಳಿಯಿತು: ಪೇಪರ್ ಡಿಸ್ಕ್ ಅಂಟಿಸುವ, ಮೆಷಿನ್ ಜೊತೆ ಬರುವ ಪ್ಯಾಡ್ ಸಾಕಾ, ಬೇರೆ ತಗೊಳ್ಳಬೇಕಾ?

ವೋಲ್ಟೇಜ್_ಮೈಸೂರು

ಬೇರೆ ತಗೊಳ್ಳಿ, ಹಾರ್ಡ್ ಪ್ಯಾಡ್ ಅಂತಲೇ ಕೇಳಿ. ಮೆತ್ತನೆ ಪ್ಯಾಡ್ ಹಲಗೆಯ ಮೆದು ಎಳೆಯನ್ನು ಜಾಸ್ತಿ ತಿಂದು ಗಟ್ಟಿ ಎಳೆಯನ್ನು ಬಿಟ್ಟುಬಿಡುತ್ತೆ, ಕೈ ಸವರಿದರೆ ಏರಿಳಿತ ಸಿಗುತ್ತೆ. ಹಾರ್ಡ್ ಪ್ಯಾಡ್ ಸಪಾಟಾಗಿ ಹೋಗುತ್ತೆ. ಡಿಸ್ಕ್ ಕೊಳ್ಳುವಾಗ ಪ್ಯಾಡಿನ ತೂತಿಗೂ ಪೇಪರಿನ ತೂತಿಗೂ ಹೊಂದುತ್ತಾ ಎಣಿಸಿ ನೋಡಿ. 6 ತೂತು, 8 ತೂತು, 15 ತೂತು ಅಂತ ಬೇರೆ ಬೇರೆ ಬರುತ್ತೆ. ಹೊಂದದಿದ್ದರೆ ವ್ಯಾಕ್ಯೂಮ್ ಇದ್ದೂ ಇಲ್ಲದ ಹಾಗೆ. 80ರದ್ದು ಜಾಸ್ತಿ ತಗೊಳ್ಳಿ, ಅದೇ ಮೊದಲು ಮುಗಿಯುತ್ತೆ.